ತರಕಾರಿಗೂ ಕೊಬ್ಬು ಬಂದ ಕಾಲ

ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನುವವರಲ್ಲಿ ಎರಡು ಪಂಗಡ. ತಟ್ಟೆಗೆ ಬಿದ್ದದ್ದನ್ನು ಸುಮ್ಮನೆ ತಿಂದು ಹೋಗುವವರದು ಒಂದು, ಹಂಚಿನ ಮುಂದೆ ನಿಂತು ತನಿಖೆ ನಡೆಸುವವರದು ಇನ್ನೊಂದು. ನಮ್ಮ ಮಾವನವರು ಎರಡನೆಯದರ ಹಿರಿಯ ಸದಸ್ಯರು. ಮೂವತ್ತು ವರ್ಷ ಕಾಟನ್ ಮಿಲ್ಲಿನಲ್ಲಿ ನೂಲು ನೋಡಿ ಪಳಗಿದ ಕಣ್ಣು. ಮಿಲ್ಲು ಬಾಗಿಲು ಹಾಕಿದ ಮೇಲೆ ಬೇರೆ ಕೆಲಸವಿಲ್ಲದೆ ಬೆಣ್ಣೆಯ ಮೇಲೆ ನೆಟ್ಟಿದೆ. "ಏನಪ್ಪಾ, ಇದು ಬೆಣ್ಣೆನಾ, ಡಾಲ್ಡಾನಾ?" ಎಂದು ಶುರುಮಾಡಿದರೆ ಮುಗಿಯಿತು. ಬೆಣ್ಣೆ ಎಲ್ಲಿಂದ ಬಂತು, ಯಾವತ್ತು ಬಂತು, ಎಮ್ಮೆಯದೋ ಹಸುವಿನದೋ. ಒಂದು ಚೂರು ಬೆರಳಿಗೆ ಸವರಿಕೊಂಡು ಮೂಸಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆಯೇ "ಹ್ಞೂಂ, ಹುಯ್ಯಿ" ಎನ್ನುವುದು. ಅಷ್ಟೊತ್ತಿಗೆ ಹಿಂದೆ ನಿಂತ ನಾಲ್ಕು ಜನ ಪಕ್ಕದ ಹೋಟೆಲಿಗೆ ಹೋಗಿರುತ್ತಾರೆ.

ಇಂಥ ಮಾವನವರು ಹೋದ ವಾರ ಮೊಮ್ಮಗಳ ಹುಟ್ಟುಹಬ್ಬಕ್ಕೆ ಬೇಕರಿಯಿಂದ ಎರಡು ಕಿಲೋ ಚಾಕೊಲೇಟ್ ಕೇಕು, ಬಂದ ಮಕ್ಕಳಿಗೆ ಹಂಚಲು ಒಂದು ಡಬ್ಬಿ ಚಾಕೊಲೇಟು ತಂದರು. ಕೇಕಿನವನಿಗೆ ಒಂದು ಪ್ರಶ್ನೆ? ಉಹೂಂ. ದುಡ್ಡು ಕೊಟ್ಟರು, ರಿಬ್ಬನ್ ಕಟ್ಟಿಸಿಕೊಂಡು ಬಂದರು.

ಡಬ್ಬಿಯ ಹಿಂಬದಿಯನ್ನು ನಾನು ಓದಿದೆ. ಓದಿದೆ ಅನ್ನುವುದು ದೊಡ್ಡ ಮಾತು. ಮುಂದುಗಡೆ ಹೆಸರು ಬಸ್ಸಿನ ಬೋರ್ಡಿನಷ್ಟು ದಪ್ಪ. ಹಿಂದುಗಡೆ ಸಂಗತಿ ಸಾಸಿವೆಯಷ್ಟು. ಕನ್ನಡಕದ ಮೇಲೆ ಮಗಳ ಭೂತಗನ್ನಡಿ ಇಟ್ಟು ನೋಡಿದಾಗ ಕಂಡದ್ದು: ಸಕ್ಕರೆ, ಹೈಡ್ರೋಜನೇಟೆಡ್ ವೆಜಿಟೆಬಲ್ ಫ್ಯಾಟ್, ಕೊಕೊ ಪುಡಿ. ಬರೆಯುವ ಕ್ರಮಕ್ಕೂ ಅರ್ಥವಿದೆ, ಯಾವುದು ಹೆಚ್ಚೋ ಅದು ಮೊದಲು. ಕೊಕೊ ಪಾಪ, ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತ ವರನ ಹಾಗೆ ಮೂರನೆಯದಾಗಿ ಕೂತಿತ್ತು.

"ವೆಜಿಟೆಬಲ್ ಅಂತ ಐತಲ್ರೀ, ತರಕಾರಿ ತಾನೆ, ಒಳ್ಳೇದೇ ಬಿಡ್ರಿ" ಅಂದಳು ನನ್ನ ಹೆಂಡತಿ. ಜೊತೆಗೆ ಹಸಿರು ಚುಕ್ಕಿಯನ್ನೂ ತೋರಿಸಿದಳು.

ಹೀರೇಕಾಯಿಯಲ್ಲಿ ಕೊಬ್ಬು ಎಲ್ಲಿಂದ ಬಂತು ಎಂದು ನಾನು ಕೇಳಬಹುದಿತ್ತು. ನಮ್ಮ ಕಡೆ ಕೊಬ್ಬು ಎಂಬ ಪದ ಮನುಷ್ಯರಿಗೆ ಮೀಸಲು. ಸಿಗ್ನಲ್ ಹಾರಿಸಿಕೊಂಡು ಹೋದವನಿಗೆ, ಮದುವೆಯೂಟದಲ್ಲಿ ಇನ್ನೊಬ್ಬರು ಕಾದಿರಿಸಿದ ಕುರ್ಚಿಯಲ್ಲಿ ಕೂತವನಿಗೆ "ಕೊಬ್ಬು ನೋಡು ಅವ್ನಿಗೆ" ಅನ್ನುತ್ತೇವೆ. ಈಗ ತರಕಾರಿಗೂ ಬಂದಿದೆ. ಅಸಲಿಗೆ ಅದು ತರಕಾರಿಯದಲ್ಲ. ಹೆಚ್ಚಿನಂಶ ತಾಳೆಹಣ್ಣಿನ ಬೀಜದ ಎಣ್ಣೆ. ಹೈಡ್ರೋಜನೇಟೆಡ್ ಅಂದರೆ ಹೈಡ್ರೋಜನ್ ಅನಿಲ ಹಾಯಿಸಿ ಗಟ್ಟಿ ಮಾಡಿದ್ದು. ಕೊಕೊ ಬೀಜವನ್ನು ಹಿಂಡಿ ಅದರ ಬೆಣ್ಣೆಯನ್ನು ತೆಗೆದಿಟ್ಟು, ಉಳಿದ ಹಿಂಡಿಯ ಪುಡಿಗೆ ಈ ಗಟ್ಟಿ ಎಣ್ಣೆ ಕಲಸಿದರೆ ಆಗುವುದು 'ಕಾಂಪೌಂಡ್'. ಬೇಕರಿಯವರು ಸ್ಲ್ಯಾಬ್ ಲೆಕ್ಕದಲ್ಲಿ ಕೊಳ್ಳುವುದು ಬಹುಪಾಲು ಇದನ್ನೇ. ಕಾನೂನಿನಲ್ಲಿ ಇದಕ್ಕೆ ಚಾಕೊಲೇಟ್ ಎಂಬ ಹೆಸರಿಲ್ಲ, ಹಾಗಾಗಿ 'ಚಾಕೊ', 'ಚಾಕೊಲೇಟಿ' ಎಂದು ಬಾಲ ಕತ್ತರಿಸಿಯೋ ಬಾಲ ಸೇರಿಸಿಯೋ ಬರೆಯುತ್ತಾರೆ. ಮೊಹರಂನಲ್ಲಿ ಕುಣಿಯುವವನನ್ನು ನಾವು ಹುಲಿ ಅನ್ನುವುದಿಲ್ಲ, ಹುಲಿವೇಷ ಅನ್ನುತ್ತೇವೆ. ಅಷ್ಟು ಪ್ರಾಮಾಣಿಕತೆ ನಮ್ಮ ಹಬ್ಬಕ್ಕಿದೆ.

ಹಾಗಾದರೆ ಚಾಕೊಲೇಟ್ ಎಂದು ಹೆಸರು ಪಡೆದದ್ದು ಶುದ್ಧವೇ? ಅಲ್ಲಿಯೂ ಒಂದು ಐದು ಪರ್ಸೆಂಟ್ ಕಥೆಯಿದೆ. ನಮ್ಮ ದೇಶದಲ್ಲಿ ಮೊದಲು ಕೊಕೊ ಬೆಣ್ಣೆ ಬಿಟ್ಟು ಬೇರೆ ಸಸ್ಯದ ಕೊಬ್ಬು ಚಾಕೊಲೇಟಿಗೆ ಹಾಕುವಂತಿರಲಿಲ್ಲ. ಈಗ 5% ವರೆಗೆ ಹಾಕಬಹುದು, ಹಾಕಿದ್ದೇನೆಂದು ಹೇಳಬೇಕು, ಅಷ್ಟೆ. ಇದು ನಮ್ಮವರ ಸ್ವಂತ ಬುದ್ಧಿಯಲ್ಲ. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ಯುರೋಪಿನ ಒಕ್ಕೂಟ ಸೇರಿದಾಗ ತಮ್ಮ ಚಾಕೊಲೇಟನ್ನೂ ಕಂಕುಳಲ್ಲಿಟ್ಟುಕೊಂಡು ಹೋದರು. ಅದರಲ್ಲಿ ಬೇರೆ ಕೊಬ್ಬಿತ್ತು. ಫ್ರಾನ್ಸ್, ಬೆಲ್ಜಿಯಂನವರು ಮಡಿವಂತರು, ಇದು ಚಾಕೊಲೇಟೇ ಅಲ್ಲ ಎಂದು ಮೂಗು ಮುಚ್ಚಿಕೊಂಡರು. ಬ್ರಿಟಿಷರದ್ದನ್ನು 'ವೆಜಲೇಟ್' ಎಂದು ಕರೆಯಬೇಕೆಂಬ ಸಲಹೆಯೂ ಬಂತು. ಇಪ್ಪತ್ತೇಳು ವರ್ಷ ಜಗಳವಾಡಿ 2000ದಲ್ಲಿ ಕಾನೂನು ಮಾಡಿದರು: 5% ವರೆಗೆ ಪರವಾಗಿಲ್ಲ, ಆದರೆ ಈ ಆರು ಕೊಬ್ಬು ಮಾತ್ರ. ಸ್ಪೇನ್, ಇಟಲಿ ಒಪ್ಪದೆ ಅಂಥದ್ದಕ್ಕೆ 'ಬದಲಿ ಚಾಕೊಲೇಟ್' ಎಂದು ಹಣೆಪಟ್ಟಿ ಹಚ್ಚಲು ಹೋಗಿ 2003ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಸೋತವು. ನಮ್ಮ ಕಡೆ ಎರಡು ಗುಂಟೆ ಬದುವಿಗೆ ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತೇವೆಂದು ನಗುವವರು ಇದನ್ನು ಗಮನಿಸಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಆರು ಹೆಸರುಗಳು. ತಾಳೆ, ಆಫ್ರಿಕಾದ ಶಿಯಾ ಮರದ ಬೀಜ, ಬೋರ್ನಿಯೋದ ಇಲಿಪೆ ಮರದ ಬೀಜ. ಇವು ಇರಲಿ. ಮಿಕ್ಕ ಮೂರು ನಮ್ಮವೇ: ಸಾಲವೃಕ್ಷದ ಬೀಜ, ಮಾವಿನ ವಾಟೆಯೊಳಗಿನ ತಿರುಳು, ಮುರುಗಲು ಅಂದರೆ ಕೋಕಂ. ಮಾವಿನಹಣ್ಣು ತಿಂದು ನಾವು ತಿಪ್ಪೆಗೆ ಬೀಸಿ ಒಗೆಯುವ ವಾಟೆಗೆ ಬ್ರಸೆಲ್ಸ್‌ನಲ್ಲಿ ಕಾಯ್ದೆಬದ್ಧ ಸ್ಥಾನ! ಇನ್ನು ಮುರುಗಲು. ನಮ್ಮ ಅಜ್ಜಿ ಶಿರಸಿ ಸೀಮೆಯವಳು. ಮುರುಗಲ ತುಪ್ಪದ ಉಂಡೆಯೊಂದು ಅವಳ ಗೂಡಿನಲ್ಲಿ ಸದಾ ಇರುತ್ತಿತ್ತು. ಚಳಿಗಾಲದಲ್ಲಿ ಬಿಸಿ ಮಾಡಿ ಒಡೆದ ಹಿಮ್ಮಡಿಗೆ ಸವರುತ್ತಿದ್ದಳು. ಅತ್ತ ಚಾಕೊಲೇಟಿನಿಂದ ಬಿಡುಗಡೆ ಹೊಂದಿದ ಕೊಕೊ ಬೆಣ್ಣೆ ಎಲ್ಲಿಗೆ ಹೋಯಿತು ಅಂತೀರಿ? ಒಂದಷ್ಟು ತುಟಿಗೆ ಹಚ್ಚುವ ಮುಲಾಮಿಗೆ, ಮೈಗೆ ಬಳಿಯುವ ಕ್ರೀಮಿಗೆ. ಬಾಯಿಗೆ ಹೋಗಬೇಕಾದದ್ದು ಮೈಗೆ, ಹಿಮ್ಮಡಿಗೆ ಹೋಗಬೇಕಾದದ್ದು ಬಾಯಿಗೆ. ಅಜ್ಜಿ ಇದ್ದಿದ್ದರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಹಾಗೆಂದು ಇದು ವಿಷವಲ್ಲ, ವೇಷ. ಮುರುಗಲ ತುಪ್ಪವನ್ನು ಘಟ್ಟದವರು ಅಡುಗೆಗೂ ಬಳಸಿದ್ದಾರೆ, ಯಾರೂ ಸಾಯಲಿಲ್ಲ. ಹೆದರಬೇಕಾದದ್ದು ಅರ್ಧಂಬರ್ಧ ಗಟ್ಟಿ ಮಾಡಿದ ಎಣ್ಣೆಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬಿಗೆ. ಅದಕ್ಕೆ ನಮ್ಮ ಸರ್ಕಾರ 2022ರಿಂದ 2%ರ ಲಗಾಮು ಹಾಕಿದೆ. ತಾಳೆಬೀಜದ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಸ್ಯಾಚುರೇಟೆಡ್ ಕೊಬ್ಬಿರುವುದರಿಂದ ದಿನಾ ತಿಂದರೆ ಹೃದಯಕ್ಕೆ ಒಳ್ಳೆಯದಲ್ಲ. ಎಣ್ಣೆಯನ್ನು 200 ಡಿಗ್ರಿ ಮೀರಿ ಕಾಯಿಸಿ ಶುದ್ಧ ಮಾಡುವಾಗ ಬೇಡದ ಕೆಲವು ರಾಸಾಯನಿಕಗಳು ಹುಟ್ಟುತ್ತವೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲಿ ಎಚ್ಚರಿಸಿದೆ. ಆದರೆ ಇಷ್ಟುದ್ದ ಹೇಳಿದರೆ ಯಾರು ಕೇಳುತ್ತಾರೆ? ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು ಒಂದೇ ಸಾಲು: "ಚಾಕೊಲೇಟಿನಲ್ಲಿ ಮೇಣದಬತ್ತಿ ಕರಗಿಸಿ ಹಾಕುತ್ತಾರೆ, ಹತ್ತು ಜನಕ್ಕೆ ಕಳಿಸಿ." ಕಳಿಸಿದವರು ಸಂಜೆ ಅದೇ ಕೇಕು ಎರಡು ಸಲ ಹಾಕಿಸಿಕೊಂಡರು. ಮೇಣದಬತ್ತಿ ಕೇಕಿನ ಮೇಲೆಯೂ ಇತ್ತೆನ್ನಿ.

ಅಶೋಕ ರಸ್ತೆಯ ಅಂಗಡಿಯವರೊಬ್ಬರು ನನಗೆ ಇದರ ಇನ್ನೊಂದು ಮಗ್ಗುಲು ತೋರಿಸಿದರು. ಕೊಕೊ ಬೆಣ್ಣೆ ಕರಗುವುದು 34 ಡಿಗ್ರಿಯ ಆಸುಪಾಸು, ಬಾಯಲ್ಲಿ ಇಟ್ಟೊಡನೆ ನೀರಾಗುವುದು ಅದರ ಗುಣ. ಏಪ್ರಿಲ್ ಬಂದರೆ ದಾವಣಗೆರೆ, ಚಿತ್ರದುರ್ಗದಲ್ಲಿ ಬಾಯಿಗಿಡುವವರೆಗೂ ಕಾಯಬೇಕಿಲ್ಲ, ಕಪಾಟಿನಲ್ಲೇ ಕರಗುತ್ತದೆ. "ಕರಗಿದ್ದನ್ನ ಡೂಪ್ಲಿಕೇಟು ಅಂತ ವಾಪಸ್ ತರ್ತಾರೆ ಸಾರ್. ಕಲ್ಲಿನಂಗೆ ಇರೋದನ್ನ 'ಇದು ಒರಿಜಿನಲ್' ಅಂತ ತಗೊಂಡೋಗ್ತಾರೆ. ನಾನೇನ್ ಮಾಡ್ಲಿ?" ಬಾಡಿದ ಸೊಪ್ಪನ್ನು ಬಿಟ್ಟು ಪ್ಲಾಸ್ಟಿಕ್ ಸೊಪ್ಪು ಕೊಂಡಂತಾಯಿತು. ಅದೂ ಅಲ್ಲದೆ 2024ರ ಡಿಸೆಂಬರಿನಲ್ಲಿ ಕೊಕೊ ಟನ್ನಿಗೆ 12,000 ಡಾಲರ್ ದಾಟಿತ್ತು. ಆ ಬೆಲೆಯಲ್ಲಿ ಹತ್ತು ರೂಪಾಯಿಯ ಪೊಟ್ಟಣದೊಳಗೆ ಕೊಕೊ ಬೆಣ್ಣೆ ಬಂದು ಕೂರಬೇಕೆಂದರೆ ಅದು ಸಮಾಜಸೇವೆಗೇ ಬರಬೇಕು.

ಇಷ್ಟನ್ನೂ ಮಾವನವರಿಗೆ ವಿವರಿಸಿದೆ. ಅವರು ಕೇಕಿನ ಮೇಲಿನ ಕರಿ ಹೂವೊಂದನ್ನು ಕಿತ್ತು ಮೂಸಿದರು, ಬೆಳಕಿಗೆ ಹಿಡಿದರು, ಬಾಯಿಗೆ ಹಾಕಿಕೊಂಡರು. ಅಂಗುಳಿಗೆ ಅಂಟಿಕೊಂಡಿತೆಂದು ಕಾಣುತ್ತದೆ, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಚಳ್ಳಕೆರೆಯೋನು ಶೇಂಗಾ ಎಣ್ಣೆಗೆ ಐದು ಪರ್ಸೆಂಟ್ ತಾಳೆ ಎಣ್ಣೆ ಬೆರೆಸಿದ್ರೆ ಏನಂತಾರೆ ಅಳಿಯಂದ್ರೆ?" ಎಂದರು.

"ಕಲಬೆರಕೆ ಅಂತಾರೆ."

"ಹಾಲಿನೋಳು ಐದು ಪರ್ಸೆಂಟ್ ನೀರು ಹಾಕಿದ್ರೆ?"

"ಕಲಬೆರಕೆ."

"ಇದಕ್ಕೆ?"

"ಫಾರ್ಮುಲಾ ಅಂತಾರೆ, ಮಾವ."

ಮಾರನೆ ದಿನ ಬೆಳಿಗ್ಗೆ ಎಂದಿನಂತೆ ಹೋಟೆಲಿಗೆ ಹೋದೆವು. ಸೌದೆ ಒಲೆ ಧಗಧಗ ಉರಿಯುತ್ತಿತ್ತು. ಮಾವನವರು ಹಂಚಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಹೋಟೆಲಿನವರ ಮಗ ಹಿಂದಿನ ಸಂಜೆ ನಮ್ಮನೆಗೆ ಕೇಕು ತಿನ್ನಲು ಬಂದು, ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು ಹೋಗಿದ್ದ ಎಂಬುದು ನನಗೆ ನೆನಪಾಗಿದ್ದು ಆಗಲೇ.

"ಏನಪ್ಪಾ, ಬೆಣ್ಣೆ ನಿಜವಾದ್ದೇನಾ?"

ಹೋಟೆಲಿನವರು ಕೈಯಲ್ಲಿದ್ದ ಬೆಣ್ಣೆ ಮುದ್ದೆಯನ್ನು ದೋಸೆ ಮೇಲೆ ಇಟ್ಟು, ಸೌಟಿನಿಂದ ಒತ್ತುತ್ತ, ತಲೆ ಎತ್ತದೆ ಹೇಳಿದರು:

"ತೊಂಬತ್ತೈದು ಪರ್ಸೆಂಟ್ ನಿಜ ಯಜಮಾನ್ರೇ. ಉಳಿದ ಐದು ಯುರೋಪಿನ ಕಾನೂನು."