ಏಳನೇ ಕ್ಲಾಸಿನವರಿಗೆ ಇಂಟರ್ನೆಟ್ ಪಾಠ ಬೇಕು

ಕೊಚ್ಚಿಯಲ್ಲಿ ನೆಲೆಸಿರುವ ನನಗೆ ಬೆಂಗಳೂರಿನ ಶಾಲೆಗಳ ಬಗ್ಗೆ ಒಂದು ಕೊರಗಿದೆ. ಇಷ್ಟೊಂದು ಸಾಫ್ಟ್‌ವೇರ್ ಕಂಪನಿಗಳಿರುವ ಊರಿನಲ್ಲಿ, ನಾನು ಕಂಡ ಮಟ್ಟಿಗೆ, ಆರು-ಏಳನೇ ಕ್ಲಾಸಿನ ಕಂಪ್ಯೂಟರ್ ಪಾಠವೆಂದರೆ ಈಗಲೂ ಕೀಬೋರ್ಡ್, ಪೇಂಟ್, ಪವರ್‌ಪಾಯಿಂಟ್. ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನು ನಂಬಬೇಕೋ ಬೇಡವೋ ಎಂದು ನೋಡುವುದನ್ನು ಮಕ್ಕಳಿಗೆ ಯಾರೂ ಹೇಳಿಕೊಡುತ್ತಿಲ್ಲ.

ಕೇರಳ ಈ ಕೆಲಸವನ್ನು ಸರ್ಕಾರಿ ಶಾಲೆಗಳಲ್ಲೇ ಮಾಡುತ್ತಿದೆ. ಅಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. 2024ರಲ್ಲಿ ಐದು ಮತ್ತು ಏಳನೇ ಕ್ಲಾಸಿನ ಐಸಿಟಿ (ಕಂಪ್ಯೂಟರ್-ಇಂಟರ್ನೆಟ್) ಪಠ್ಯಕ್ಕೆ ಸುಳ್ಳು ಸುದ್ದಿ ಗುರುತಿಸುವ ಪಾಠವೂ ಸೇರಿತು. ಹಾಗಂತ ಅಲ್ಲಿನ ಹುಡುಗರು ರೀಲ್ಸ್ ಬಿಟ್ಟಿದ್ದಾರೆ ಎಂದಲ್ಲ. ಆದರೆ ಪ್ರಶ್ನೆ ಕೇಳುವ ಅಭ್ಯಾಸ ಕ್ಲಾಸಿನಲ್ಲೇ ಶುರುವಾಗುತ್ತದೆ.

ಕಳೆದ ಬಾರಿ ವಿಜಯನಗರದ ಅಕ್ಕನ ಮನೆಗೆ ಹೋಗಿದ್ದಾಗ, ಬೆಳ್ಳಂದೂರು ಕೆರೆಗೆ ನಿನ್ನೆ ಬೆಂಕಿ ಬಿದ್ದಿದೆ ಎಂಬ ಫೋಟೋ ವಾಟ್ಸಾಪಿನಲ್ಲಿ ಬಂತು. ಏಳನೇ ಕ್ಲಾಸಿನಲ್ಲಿರುವ ಅಕ್ಕನ ಮಗಳಿಗೆ "ಇದು ಯಾವತ್ತಿನದು ಅಂತ ನೋಡೋಣ ಬಾ" ಎಂದೆ. "ಗ್ರೂಪಲ್ಲಿ ಬಂದಿದೆಯಲ್ಲ ಮಾಮ" ಎಂದಳು. ಫೋಟೋವನ್ನು, ಅದೇ ಚಿತ್ರ ಬೇರೆಲ್ಲಿ ಬಂದಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿದೆವು. ಅದೇ ಚಿತ್ರ 2018ರ ಜನವರಿಯ ಸುದ್ದಿಗಳಲ್ಲಿತ್ತು. ಆಗ ಬೆಂಕಿ ಆರಿಸಲು ಸೇನೆಯವರೂ ಬಂದಿದ್ದರು. ಅವಳ ಕಣ್ಣು ಅರಳಿತು. ಮರುದಿನ ಮಳೆ ರಜೆಯ ಮೆಸೇಜು ಬಂದಾಗ ಅವಳೇ ಆದೇಶದ ಫೋಟೋ ದೊಡ್ಡದು ಮಾಡಿ, ತಾರೀಖು ನೋಡಿ, ಸಹಿ ಯಾವ ಜಿಲ್ಲಾಧಿಕಾರಿಯದು ಎಂದು ಓದಿದಳು. ಆದೇಶ ದಕ್ಷಿಣ ಕನ್ನಡದ್ದು! ಬೇಸರದಿಂದಲೇ ಯೂನಿಫಾರ್ಮ್ ಹಾಕಿಕೊಂಡಳು.

ಇದಕ್ಕೆ ಹೊಸ ಲ್ಯಾಬ್ ಬೇಕಿಲ್ಲ. ಒಂದು ಫೋನು, ವಾರಕ್ಕೊಂದು ಪೀರಿಯಡ್ ಸಾಕು. ಸಮಾಜ ವಿಜ್ಞಾನದ ಮೇಷ್ಟ್ರೇ ಇದನ್ನು ಚೆನ್ನಾಗಿ ಕಲಿಸಬಲ್ಲರು. ಯಾರು ಬರೆದರು, ಯಾವಾಗ ಬರೆದರು ಎಂದು ಕೇಳುವುದು ಅವರ ವಿಷಯವೇ. ಜೊತೆಗೆ, ಹುಟ್ಟಿದ ವರ್ಷ ಸುಳ್ಳು ಹೇಳಿ ಇನ್‌ಸ್ಟಾಗ್ರಾಂ ಖಾತೆ ತೆರೆಯುವುದರ ಅಪಾಯವನ್ನೂ, ಆನ್‌ಲೈನಿನಲ್ಲಿ ಹಣ ಮೋಸವಾದರೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಹೇಳಬೇಕು.

ಪಾಠ ಕನ್ನಡದಲ್ಲಿರಲಿ. ಕೇರಳದ ಈ ಐಸಿಟಿ ಪುಸ್ತಕಗಳು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲೂ ಇವೆ. ನಮ್ಮ ರಾಜ್ಯದ ಶಾಲಾ ಪಠ್ಯ, ತರಬೇತಿ ನೋಡಿಕೊಳ್ಳುವ ಡಿಎಸ್‌ಇಆರ್‌ಟಿಯವರು ಅವನ್ನು ತರಿಸಿ, ಬೆಂಗಳೂರಿನ ಉದಾಹರಣೆಗಳನ್ನು ಸೇರಿಸಿ, ಮುಂದಿನ ಜೂನ್‌ನಿಂದಲೇ ಕೆಲವು ಶಾಲೆಗಳಲ್ಲಿ ಶುರು ಮಾಡಲಿ.