ಸ್ಪಷ್ಟನೆ: ಫೋಟೋ, ಡಿಎನ್‌ಎ ಇದ್ದರೆ ಹೊಸ ಪ್ರಭೇದವೇ?

ಪಶ್ಚಿಮಘಟ್ಟದಲ್ಲಿ ಕಂಡ ಕಪ್ಪೆಯ ಡಿಎನ್‌ಎ ಶೇ 3ರಷ್ಟು ಬೇರೆಯಿದ್ದು, ಜೊತೆಗೊಂದು ಫೋಟೋ ಇದ್ದರೆ ಅದು ಹೊಸ ಪ್ರಭೇದ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಶೇ 3 ಎನ್ನುವುದು 16ಎಸ್ ಎಂಬ ಒಂದೇ ಜೀನ್‌ಗೆ ಬಳಸುವ ಅಂದಾಜು ಗೆರೆ. ಅನುಮಾನಪಡಲು ಸಾಕು, ಹೆಸರಿಡಲು ಸಾಲದು. ಹೆಸರು ಊರ್ಜಿತವಾಗಬೇಕಾದರೆ ಆ ಹೆಸರಿಗೆ ಆಧಾರವಾಗುವ ಒಂದು ಮಾದರಿ ಜೀವಿಯನ್ನು, ಅಂದರೆ ಹೋಲೋಟೈಪನ್ನು, ಗೊತ್ತುಮಾಡಿ, ಅದನ್ನು ಇಟ್ಟಿರುವ ಸಂಗ್ರಹಾಲಯ ತಿಳಿಸಿ, ಹತ್ತಿರದ ಪ್ರಭೇದಗಳಿಂದ ಬೇರ್ಪಡಿಸುವ ಲಕ್ಷಣಗಳೊಂದಿಗೆ ಪ್ರಕಟಿಸಬೇಕು. ಆನ್‌ಲೈನ್‌ನಲ್ಲಷ್ಟೇ ಪ್ರಕಟಿಸಿದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್ ನೋಂದಣಿಯೂ ಬೇಕು. ಫೋಟೋವನ್ನೇ ನೆಚ್ಚಿ ಹೆಸರಿಟ್ಟ ಉದಾಹರಣೆಗಳು ತೀರಾ ಅಪರೂಪ, ವಿವಾದಿತವೂ ಹೌದು.

ಹೆಚ್ಚಿನವರು ಎಡವುವುದು ಮಾದರಿ ಸಂಗ್ರಹಿಸುವ ಕ್ರಮದಲ್ಲಿ. ಮೊದಲು ಜೀವಂತ ಬಣ್ಣದ ಚಿತ್ರ, ಕೂಗಿನ ಧ್ವನಿಮುದ್ರಣ (ಗಾಳಿಯ ಉಷ್ಣತೆಯ ಸಮೇತ, ಚಳಿಯಲ್ಲಿ ಕೂಗು ನಿಧಾನವಾಗುತ್ತದೆ). ಆಮೇಲೆ ಅಂಗಾಂಶದ ಚೂರು ಶುದ್ಧ ಎಥನಾಲ್‌ಗೆ. ಕೊನೆಗೆ ದೇಹ, ಕೊಳೆಯದಂತೆ ಗಟ್ಟಿಮಾಡುವ ಶೇ 10ರ ಫಾರ್ಮಲಿನ್‌ಗೆ, ಅಲ್ಲಿಂದ ಶೇ 70ರ ಎಥನಾಲ್‌ಗೆ. ಫಾರ್ಮಲಿನ್ ಮೊದಲಾದರೆ ಡಿಎನ್‌ಎ ಕೆಟ್ಟಿತು.

2014ರಲ್ಲಿ ಹೆಸರು ಪಡೆದ ಕುಂಬಾರ ಕಪ್ಪೆಯ ಗಂಡು ಮೊಟ್ಟೆಗಳಿಗೆ ಕೆಸರು ಮೆತ್ತುತ್ತದೆ. ಈ ನಡವಳಿಕೆ ಯಾವ ಡಿಎನ್‌ಎ ವರದಿಯಲ್ಲೂ ಸಿಗದು.

ಅಂದಹಾಗೆ, ಅನುಮತಿಯಿಲ್ಲದೆ ಕಾಡಿನಲ್ಲಿ ಕಪ್ಪೆ ಹಿಡಿಯಬೇಡಿ.