ಎಕ್ಕದ ಗಿಡ, ಅತ್ತೆಯ ಒಗ್ಗರಣೆ

ಯಾವ ನರ್ಸರಿಗಾದರೂ ಹೋಗಿ ಎಕ್ಕದ ಗಿಡ ಇದೆಯಾ ಅಂತ ಕೇಳಿ ನೋಡಿ. ಮೊದಲು ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಆಮೇಲೆ, ‘ಅದೇನಕ್ಕ, ರೋಡ್ ಸೈಡಲ್ಲೇ ಬಿದ್ದೈತಲ್ಲ’ ಅಂತಾರೆ. ಲಕ್ಕಿ ಗಿಡ ಕೇಳಿ, ಆಡುಸೋಗೆ ಕೇಳಿ, ತಂಗಡಿ ಕೇಳಿ, ಇದೇ ಉತ್ತರ. ಪುಕ್ಕಟೆ ಬೆಳೆಯೋದನ್ನು ಯಾರು ಮಾರ್ತಾರೆ ಹೇಳಿ? ದಕ್ಷಿಣ ಅಮೆರಿಕದಿಂದ ಬಂದ ಕಾಗದದ ಹೂವಿನ ಗಿಡ ಮಾತ್ರ ಏಳು ಬಣ್ಣದಲ್ಲಿ ಸಾಲಾಗಿ ನಿಂತಿರುತ್ತದೆ. ಅದರ ಎಲೆಯನ್ನು ನಮ್ಮೂರಿನ ಯಾವ ಚಿಟ್ಟೆಯ ಹುಳವೂ ಆಸೆಪಟ್ಟು ತಿಂದಿದ್ದನ್ನು ನಾನಂತೂ ನೋಡಿಲ್ಲ.

ಮೈಸೂರಿನ ನಮ್ಮ ಮನೆ ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ ಇದೆ. ಕಾರನ್ನು ಬೀದಿಗೆ ತಳ್ಳಿ, ಅಲ್ಲಿ ಹಕ್ಕಿ ಚಿಟ್ಟೆ ಬರುವಂಥ ಕೈತೋಟ ಮಾಡಿದೆವು. ಮಾಡಿದೆವು ಅಂದರೆ ನಾನು ಮಾಡಿದೆ, ನಮ್ಮೆಜಮಾನರು ಅಭಿಪ್ರಾಯ ಕೊಟ್ಟರು.

ನರ್ಸರಿಯವರ ಮಾತು ನಂಬಿ ಒಂದು ಸಂಜೆ ಹಾರೆ ಹಿಡಿದು ಮೂಲೆಯ ಖಾಲಿ ಸೈಟಿಗೆ ಹೋದೆ. ಎಕ್ಕದ ಬೇರು ಎಷ್ಟು ಆಳ ಹೋಗುತ್ತೆ ಅನ್ನೋದು ಅಗೆದವರಿಗೇ ಗೊತ್ತು. ಮೊಣಕಾಲುದ್ದದ ಗಿಡಕ್ಕೆ ಮೊಣಕಾಲುದ್ದದ ಗುಂಡಿ ತೋಡಿದರೂ ಬೇರು ಇನ್ನೂ ಕೆಳಗೇ ಹೋಗ್ತಿದೆ. ಕಾಂಡ ಮುರಿದು ಕೈಗೆಲ್ಲ ಹಾಲು. ಆ ಹಾಲು ಕಣ್ಣಿಗೆ ತಾಗಬಾರದು, ಹಾಗಾಗಿ ಎರಡೂ ಕೈ ಮೇಲೆತ್ತಿಕೊಂಡು ಗುಂಡಿಯ ಮುಂದೆ ಕೂತಿದ್ದೆ. ವಾಕಿಂಗ್ ಹೊರಟಿದ್ದ ಪಕ್ಕದ ಮನೆ ಆಂಟಿ ನೋಡಿದ್ದು ಇದೇ ಭಂಗಿಯಲ್ಲಿ. ಅವತ್ತು ಅಮಾವಾಸ್ಯೆ ಅಂತ ನನಗೇನು ಗೊತ್ತು! ಎಕ್ಕದ ಬೇರನ್ನು ಮಾಟ ಮಾಡೋರು ಕೀಳ್ತಾರೆ ಅನ್ನೋ ನಂಬಿಕೆ ನಮ್ಮ ಕಡೆ ಇದೆ. ಆಂಟಿ ಏನೂ ಕೇಳಲಿಲ್ಲ. ಮರುದಿನ ಅವರ ಗೇಟಿಗೆ ನಿಂಬೆಹಣ್ಣು ಮೆಣಸಿನಕಾಯಿ ನೇತಾಡುತ್ತಿತ್ತು.

ಕೊನೆಗೆ ಎಕ್ಕ ಬಂದಿದ್ದು ಬೀಜದಿಂದ. ಒಡೆದ ಕಾಯಿಯಿಂದ ಬೀಜ ತಂದು ಕುಂಡದಲ್ಲಿ ಹಾಕಿದೆ, ಗಿಡವಾದ ಮೇಲೆ ನೆಲಕ್ಕಿಳಿಸಿದೆ. ನಮ್ಮತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. ‘ಜನ ಬಯ್ಯುವಾಗ ನಿನ್ ಮನೆ ಎಕ್ಕ ಹುಟ್ಟಿ ಹೋಗ್ಲಿ ಅಂತಾರೆ. ನೀನು ಗೊಬ್ಬರ ಹಾಕಿ ಹುಟ್ಟಿಸ್ತಿದ್ದೀಯಲ್ಲೇ!’

ಪ್ಲೇನ್ ಟೈಗರ್ ಅನ್ನೋ ಕಿತ್ತಳೆ ಬಣ್ಣದ ಚಿಟ್ಟೆ ಎಕ್ಕದಂಥ ಹಾಲಿನ ಗಿಡಗಳನ್ನೇ ಹುಡುಕಿಕೊಂಡು ಹೋಗಿ ಮೊಟ್ಟೆ ಇಡುತ್ತೆ, ಹುಳ ಆ ಎಲೆಯ ವಿಷವನ್ನೇ ಮೈಗೂಡಿಸಿಕೊಳ್ಳುತ್ತೆ, ಒಮ್ಮೆ ಬಾಯಿಗೆ ಹಾಕಿ ಉಗಿದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗೋದಿಲ್ಲ ಅಂತೆಲ್ಲ ವಿವರಿಸಿದೆ. ‘ಹಕ್ಕಿಗೇ ಬೇಡವಾದ ಹುಳ ನಮಗ್ಯಾಕೆ?’ ಅಂದರು. ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ನಿಜವಾದ ಜಗಳ ಶುರುವಾಗಿದ್ದು ಕರಿಬೇವಿನಿಂದ. ಕರಿಬೇವು ನಮ್ಮ ನೆಲದ್ದೇ ಗಿಡ. ಅತ್ತೆಗೂ ಒಪ್ಪಿಗೆ, ಚಿಟ್ಟೆಗೂ ಒಪ್ಪಿಗೆ. ತೊಂದರೆ ಆಗಿದ್ದು ಅಲ್ಲೇ. ಕಾಮನ್ ಮಾರ್ಮನ್ ಅನ್ನೋ ಕಪ್ಪು ಚಿಟ್ಟೆ ಬಂದು, ಮುಂಗಾಲಿನಿಂದ ಎಲೆಯನ್ನು ಟಪಟಪ ತಟ್ಟಿ ರುಚಿ ನೋಡುತ್ತೆ. ಹೌದು, ಅದಕ್ಕೆ ರುಚಿ ಗೊತ್ತಾಗೋದು ಕಾಲಿನಲ್ಲಿ. ಸರಿ ಅನ್ನಿಸಿದರೆ ಒಂದು ಮೊಟ್ಟೆ ಅಂಟಿಸಿ ಮುಂದಿನ ಎಲೆಗೆ ಹೋಗುತ್ತೆ. ಅದಕ್ಕೆ ಎಳೆ ಎಲೆಯೇ ಇಷ್ಟ. ನಮ್ಮತ್ತೆಯ ಒಗ್ಗರಣೆಗೂ ಎಳೆ ಎಲೆಯೇ ಆಗಬೇಕು.

ಹೊಸದಾಗಿ ಹೊರಬಂದ ಹುಳ ನೋಡೋಕೆ ಥೇಟ್ ಹಕ್ಕಿ ಹಿಕ್ಕೆ. ಕಂದು ಮೈ, ಮಧ್ಯೆ ಬಿಳಿ ಮಚ್ಚೆ. ಹಕ್ಕಿ ಮೋಸಹೋಗಲಿ ಅಂತ ಅದು ಮಾಡಿಕೊಂಡ ಏರ್ಪಾಡು, ಅತ್ತೆ ಮೋಸಹೋದರು. ‘ಗಿಡದ ತುಂಬ ಕಾಗೆ ಹೇತಿದೆ ಕಣೇ’ ಅಂತ ಪೈಪ್ ಹಿಡಿದು ತೊಳೆದರು. ಅಷ್ಟರಲ್ಲೂ ಗಟ್ಟಿಯಾಗಿ ಕಚ್ಚಿಕೊಂಡ ಒಂದು ಹುಳ ಉಳಿಯಿತು. ಪೊರೆ ಬಿಡುತ್ತಾ ಬಿಡುತ್ತಾ ಹಸಿರಾಗಿ, ಬೆರಳಿನಷ್ಟು ದಪ್ಪವಾಯಿತು. ಬೆನ್ನ ಮೇಲೆ ಎರಡು ಸುಳ್ಳು ಕಣ್ಣು ಬೇರೆ. ಒಂದು ಬೆಳಗ್ಗೆ ಸಾರಿನ ಒಗ್ಗರಣೆಗೆ ಸಾಸಿವೆ ಸಿಡಿಯುತ್ತಿತ್ತು. ಅತ್ತೆ ಅವಸರದಲ್ಲಿ ಓಡಿಬಂದು, ನೋಡದೆ ಒಂದು ಎಸಳು ಕಿತ್ತರು. ಹುಳ ಸುಮ್ನಿರುತ್ತಾ? ತಲೆ ಹಿಂದಿನಿಂದ ಕವಲೊಡೆದ ಕೆಂಪು ಕೊಂಬನ್ನು ಪುಸಕ್ಕನೆ ಹೊರಗೆ ಹಾಕಿತು. ಜೊತೆಗೆ ಕೆಟ್ಟ ವಾಸನೆ. ಇರುವೆ, ಹಕ್ಕಿ ಓಡಿಸೋಕೆ ಅದರ ಹತ್ತಿರ ಇರೋ ಆಯುಧ ಅದೊಂದೇ. ಅತ್ತೆ ‘ಮಂಜುನಾಥಾ!’ ಅಂತ ಕೂಗಿ ಎಸಳನ್ನು ಎಸೆದರು. ಅದು ಪೇಪರ್ ಓದುತ್ತಿದ್ದ ನಮ್ಮೆಜಮಾನರ ಕಾಫಿ ಲೋಟದಲ್ಲಿ ಬಿತ್ತು. ಒಳಗೆ ಒಗ್ಗರಣೆ ಸೀದು ಹೋಯಿತು. ಅವತ್ತು ನಾವು ತಿಂದಿದ್ದು ಮೊಸರನ್ನ, ಅದೂ ಒಗ್ಗರಣೆ ಇಲ್ಲದ್ದು.

ಸಂಧಾನ ನಡೆಯಿತು. ಇನ್ನೊಂದು ಕರಿಬೇವಿನ ಗಿಡ ತಂದೆವು. ಒಂದು ಅಡುಗೆಮನೆಗೆ, ಅದಕ್ಕೆ ಹಳೇ ಸೊಳ್ಳೆಪರದೆ. ಇನ್ನೊಂದು ಹುಳಕ್ಕೆ, ಬಿಟ್ಟಿದ್ದೇ ಬಿಟ್ಟಿದ್ದು. ಚಿಟ್ಟೆ ಏನು ಮಾಡ್ತು ಅಂತೀರಾ? ಪರದೆಗೆ ತಾಗಿಕೊಂಡಿದ್ದ ಚಿಗುರನ್ನೇ ಹುಡುಕಿ, ಬಲೆಯ ಕಣ್ಣಿನ ಸಂದಿಯಲ್ಲಿ ಮೊಟ್ಟೆ ಇಟ್ಟು ಹೋಯಿತು. ಈಗ ಪರದೆಯ ಒಳಗೆ ಹಕ್ಕಿಯ ಕಾಟವೂ ಇಲ್ಲದೆ ಹುಳಗಳು ನೆಮ್ಮದಿಯಾಗಿ ಬೆಳೆದವು. ಹೊರಗಿದ್ದ ಗಿಡದ ಹುಳಗಳನ್ನು ಕೆಮ್ಮೀಸೆ ಪಿಕಳಾರ ತನ್ನ ಮರಿಗೆ ಹೊತ್ತುಕೊಂಡು ಹೋಯಿತು. ‘ಪಾಪ, ದಪ್ಪಗಿದ್ದಿದ್ದು ಕಾಣ್ತಿಲ್ಲ ಕಣೇ’ ಅಂತ ಅತ್ತೆಯೇ ಕೊರಗಿದರು. ಹಕ್ಕಿ ತಿಂತು ಅಂದೆ. ‘ಆ ಹಕ್ಕಿನ ಕರೆದಿದ್ದು ಯಾರು?’ ಅಂದರು. ನಾನೇ ಕರೆದಿದ್ದು. ಹಕ್ಕಿನೂ ಬರಲಿ, ಚಿಟ್ಟೆನೂ ಬರಲಿ ಅನ್ನೋರು ಇದನ್ನು ಮೊದಲೇ ಯೋಚನೆ ಮಾಡಿರೋದಿಲ್ಲ.

ಈಶ್ವರಿ ಬಳ್ಳಿಯ ಕಥೆಯನ್ನು ಬೇಗ ಹೇಳಿ ಮುಗಿಸ್ತೀನಿ, ಜಾಸ್ತಿ ಹೇಳಿದರೆ ಹೊಟ್ಟೆ ಉರಿಯುತ್ತೆ. ನಮ್ಮ ರಾಜ್ಯದ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್ ಅದರ ಮೇಲೆ ಮೊಟ್ಟೆ ಇಡುತ್ತೆ ಅನ್ನೋ ಆಸೆಗೆ ನೆಟ್ಟಿದ್ದು. ಅಂಗೈಗಿಂತ ಅಗಲದ ಆ ಚಿಟ್ಟೆ ಘಟ್ಟದ ಕಾಡು ಬಿಟ್ಟು ನಮ್ಮ ಕಾಂಪೌಂಡಿಗೆ ಯಾಕೆ ಬರುತ್ತೆ? ಕಪ್ಪು ರೆಕ್ಕೆ, ಕೆಂಪು ಮೈಯ ಕಾಮನ್ ರೋಸ್ ಚಿಟ್ಟೆಗಳು ಬಂದವು. ಅದೂ ಸಂತೋಷವೇ. ಇವರು ಒಂದು ಚಿಟ್ಟೆಯ ಫೋಟೋ ತೆಗೆದು, ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಕಳಿಸಿ, ರೋಸ್ ಅಂತ ಹೆಸರು ಹಾಕಿ, ವಿಷದ ಚಿಟ್ಟೆ, ಹಕ್ಕಿ ಮುಟ್ಟಲ್ಲ ಅಂತೆಲ್ಲ ದೊಡ್ಡದಾಗಿ ಬರೆದರು. ಓದಿದವರೊಬ್ಬರು ತಿದ್ದಿದರು: ಮೈಯಲ್ಲಿ ಕೆಂಪೇ ಇಲ್ಲವಲ್ಲ, ಇದು ರೋಸ್ ಅಲ್ಲ, ಮಾರ್ಮನ್ನಿನ ಹೆಣ್ಣು. ನಮ್ಮ ಕರಿಬೇವು ತಿಂದು ಬೆಳೆದವಳೇ! ಅವಳ ಮೈಯಲ್ಲಿ ಈ ವಿಷ ಇಲ್ಲ. ಬೇರೆಯವರ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು ಆಫೀಸಿಗೆ ನುಗ್ಗೋರ ಹಾಗೆ, ರೋಸ್ ಚಿಟ್ಟೆಯ ವೇಷ ಹಾಕಿ ಹಕ್ಕಿಗಳ ಕಣ್ಣೆದುರೇ ಓಡಾಡ್ತಾಳೆ. ಇವರು ಆ ಗುಂಪಿನಲ್ಲಿ ಈಗ ಹಬ್ಬದ ಶುಭಾಶಯ ಮಾತ್ರ ಹಾಕ್ತಾರೆ.

ಸೂರಕ್ಕಿಗೆ ಅಂತ ಕೇಪಳ ನೆಟ್ಟೆ. ಮಕರಂದ ಹೀರೋಕೆ ದಿನಾ ಬಂತು. ಗೂಡು ಕಟ್ಟೋಕೆ ಮಾತ್ರ ಇಷ್ಟು ಗಿಡ ಬಿಟ್ಟು, ಬಾಗಿಲ ಮುಂದೆ ಜೋತುಬಿದ್ದಿದ್ದ ಕೇಬಲ್ ವೈರನ್ನೇ ಆರಿಸಿಕೊಂಡಿತು. ಜೇಡರಬಲೆ, ಒಣಗಿದ ತೊಗಟೆ ಚೂರು, ಹುಳದ ಹಿಕ್ಕೆ, ನಮ್ಮ ಕಾಲೊರೆಸುವ ಚಾಪೆಯ ನಾರು, ಎಲ್ಲ ಸೇರಿಸಿ ಮಾಡಿದ ಪುಟ್ಟ ಚೀಲ. ದೂರದಿಂದ ನೋಡಿದರೆ ಯಾರೋ ಗುಡಿಸದೆ ಬಿಟ್ಟ ಕಸ. ಮರಿ ಹಾರುವವರೆಗೆ ಮನೆಮಂದಿ, ನೆಂಟರು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಎಲ್ಲರೂ ಹಿಂದಿನ ಬಾಗಿಲಿನಿಂದಲೇ. ಸಿಲಿಂಡರ್ ಹೊತ್ತು ಮನೆ ಸುತ್ತು ಹಾಕಿದ ಆ ಹುಡುಗ ಹಕ್ಕಿಗೆ ಏನಂದ ಅಂತ ಇಲ್ಲಿ ಬರೆಯೋಹಾಗಿಲ್ಲ.

ತರಗೆಲೆ ಗುಡಿಸಬಾರದು ಅನ್ನೋದು ನನ್ನ ಇನ್ನೊಂದು ಕಾನೂನು. ಎಲೆಯಡಿ ಹಾವುರಾಣಿ, ಕಪ್ಪೆ, ಎರೆಹುಳು ಇರ್ತವೆ. ಇಲಿಯೂ ಬಂತು. ಇಲಿಯ ಹಿಂದೆ ಒಂದು ಮಧ್ಯಾಹ್ನ ಆರೇಳು ಅಡಿ ಹಾವು ಬಂತು. ಬೀದಿಯವರೆಲ್ಲ ಸೇರಿ ಅದನ್ನು ನಾಗರಹಾವು ಅಂತ ಬಹುಮತದಿಂದ ತೀರ್ಮಾನಿಸಿದರು. ಹಾವು ಹಿಡಿಯುವವರು ಬಂದು ಒಂದು ಸಲ ಬಗ್ಗಿ ನೋಡಿ, ‘ಕೇರೆ ಅಕ್ಕ ಇದು, ವಿಷ ಇಲ್ಲ. ನಿಮ್ಮನೆ ಇಲಿ ತಿನ್ನಕ್ಕೆ ಬಂದೈತೆ. ಇದನ್ನ ನಾನು ತಗೊಂಡೋದ್ರೆ ಇಲಿ ನೀವು ಹಿಡಿತೀರಾ?’ ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಚರ್ಚೆ ನಡೀತಿರೋವಾಗ ಕೇರೆ ಬೇಸತ್ತು ಕಾಂಪೌಂಡ್ ದಾಟಿ ಆಂಟಿ ಮನೆ ಕಡೆ ಹೋಯಿತು. ನಿಂಬೆಹಣ್ಣು ಅದನ್ನು ತಡೆಯಲಿಲ್ಲ.

ಅದಾದ ಮೇಲೆ ಆಂಟಿ ಮಾತು ಬಿಟ್ಟಿದ್ದರು. ಮತ್ತೆ ಗೇಟಿನ ಹತ್ತಿರ ಬಂದಿದ್ದು ರಥಸಪ್ತಮಿಯ ಹಿಂದಿನ ಸಂಜೆ. ‘ನಿಮ್ಮಲ್ಲಿ ಎಕ್ಕದ ಗಿಡ ಇದೆಯಲ್ಲ, ಮೂರು ಜನಕ್ಕೆ ಎಲೆ ಬೇಕಿತ್ತು.’ ಸ್ನಾನಕ್ಕೆ ಒಬ್ಬರಿಗೆ ಏಳು ಎಲೆ: ತಲೆಗೊಂದು, ಭುಜಕ್ಕೆ ಎರಡು, ಮಂಡಿಗೆ ಎರಡು, ಪಾದಕ್ಕೆ ಎರಡು. ಅವರಿಗೆ ಇಪ್ಪತ್ತೊಂದು, ನಮ್ಮ ನಾಲ್ವರಿಗೆ ಇಪ್ಪತ್ತೆಂಟು. ಗಿಡದ ಹತ್ತಿರ ಹೋಗಿ ನೋಡಿದರೆ, ಬಿಳಿ ಕಪ್ಪು ಹಳದಿ ಪಟ್ಟೆಯ ಹುಳಗಳು ಸಾಲಾಗಿ ಕೂತು ಎಲೆಯ ಅಂಚಿನಿಂದ ಮೇಯುತ್ತಿವೆ. ಬೆನ್ನ ಮೇಲೆ ಮೂರು ಜೊತೆ ಕಪ್ಪು ಮೀಸೆ ಅಲ್ಲಾಡಿಸಿಕೊಂಡು! ತೂತಿಲ್ಲದ ಎಲೆ ಸರಿಯಾಗಿ ಇಪ್ಪತ್ತೊಂದು ಸಿಕ್ಕವು. ಅಷ್ಟನ್ನೂ ಅತ್ತೆ ಆಂಟಿಗೆ ಕೊಟ್ಟು ಕಳಿಸಿದರು. ಉಳಿದಿದ್ದನ್ನು ನಾವು ಇಟ್ಟುಕೊಳ್ಳೋಣ, ತೂತಿದ್ದರೇನು ಅಂದೆ.

‘ಹುಳದ ಎಂಜಲನ್ನ ತಲೆ ಮೇಲೆ ಇಟ್ಕೊಂಡು ಸೂರ್ಯನಿಗೆ ಕೈ ಮುಗೀಬೇಕಾ?’

ಹಾಗಾಗಿ ಮನೆ ಮುಂದೆ ಎಕ್ಕ ಇಟ್ಟುಕೊಂಡು, ಕತ್ತಲಾದ ಮೇಲೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ದುಡ್ಡು ಕೊಟ್ಟು ಎಕ್ಕದ ಎಲೆ ತಂದೆ. ಲೆಕ್ಕ ಹಾಕಿ ಇಪ್ಪತ್ತೆಂಟೇ. ಬೆಳಗಿನ ಜಾವ ಎಲೆ ತೊಳೆಯುತ್ತಿದ್ದ ಅತ್ತೆ ಒಂದನ್ನು ದೀಪದ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಅಕ್ಕಿ ಕಾಳಿನಷ್ಟು ಪುಟ್ಟ ಹುಳ. ಯಾರನ್ನೂ ಕೇಳದೆ ಎಲೆಯನ್ನು ಹಾಗೇ ಒಯ್ದು ನಮ್ಮ ಗಿಡಕ್ಕೆ ಸಿಕ್ಕಿಸಿ ಬಂದರು.

ಬಚ್ಚಲಿನಿಂದ ಇವರು ಕೂಗಿದರು. ‘ನನಗೆ ಆರೇ ಇದೆ! ಎಡಗಾಲಿಗೆ ಎಲೆ ಇಲ್ಲ!’

ಕರಿಬೇವಿನ ಎಲೆ ಇಟ್ಕೊಳ್ಳಿ ಅಂದೆ. ಕೀಳೋಕೆ ಹೋದರೆ ಅದೂ ಉಳಿದಿರಲಿಲ್ಲ.